ರೇಡಿಯೇಷನ್ ನಂತರ ಗಂಟಲ ಕ್ಯಾನ್ಸರ್ ಮರಳಿ ಬರುತ್ತದಾ? ಸ್ಕ್ಯಾನ್‌ನಿಂದ ಅಂದಾಜು ಮಾಡುವ ಮಾಡೆಲ್ ಕಟ್ಟಲು ಸಮಗ್ರ ಮಾರ್ಗದರ್ಶಿ

ಗಂಟಲ ಕ್ಯಾನ್ಸರ್‌ಗೆ ಸಾಮಾನ್ಯವಾಗಿ 70 ಗ್ರೇ ರೇಡಿಯೇಷನ್ ಕೊಡುತ್ತಾರೆ. 35 ಸಿಟಿಂಗ್, ಸುಮಾರು 7 ವಾರ, ಎಷ್ಟೋ ಜನರಿಗೆ ಜೊತೆಗೆ ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ ಕೂಡ. ಬಾಯಿ ಒಣಗಿ, ಎಂಜಲು ನುಂಗಲೂ ಆಗದೆ, ತೂಕ ಇಳಿದ ಮನುಷ್ಯ ಕೊನೆಯ ಸಿಟಿಂಗ್ ಮುಗಿಸಿ ಎದ್ದು ಬಂದಾಗ ಕೇಳುವುದು ಒಂದೇ ಮಾತು: ಹೋಯ್ತಾ, ಮತ್ತೆ ಬರಲ್ಲ ಅಲ್ವಾ? ಅವತ್ತು ಇದಕ್ಕೆ ಯಾರ ಬಳಿಯೂ ಉತ್ತರ ಇರುವುದಿಲ್ಲ. ಮರಳಿ ಬರುವ ಗೆಡ್ಡೆಗಳಲ್ಲಿ ಹೆಚ್ಚಿನವು ಮೊದಲ 2 ವರ್ಷದೊಳಗೆ ತಲೆ ಎತ್ತುತ್ತವೆ. ಬೇಗ ಸಿಕ್ಕರೆ ಆಪರೇಷನ್ ಮಾಡಿ ತೆಗೆಯುವ ಅವಕಾಶ ಇರುತ್ತದೆ, ತಡವಾದರೆ ಆ ಬಾಗಿಲು ಮುಚ್ಚಿಹೋಗುತ್ತದೆ. ಹಾಗಾಗಿ ಯಾರನ್ನು ಹತ್ತಿರದಿಂದ ಗಮನಿಸಬೇಕು ಅಂತ ಸ್ಕ್ಯಾನ್ ನೋಡಿ ಮೊದಲೇ ಗೊತ್ತಾದರೆ ಅದಕ್ಕೆ ಬೆಲೆ ಕಟ್ಟಲಾಗದು.

ಈ ಬರಹ ಅಂಥ ಮಾಡೆಲ್ ಕಟ್ಟಲು ಹೊರಟವರಿಗೆ. ರೇಡಿಯಾಲಜಿ ಅಥವಾ ರೇಡಿಯೋಥೆರಪಿ ಓದುತ್ತಿರುವವರು, ಮೆಡಿಕಲ್ ಫಿಸಿಕ್ಸ್‌ನವರು, ಪೈಥಾನ್ ಗೊತ್ತಿದ್ದು ಕೈಗೆ ಒಂದು ಫೋಲ್ಡರ್ ತುಂಬ ಸ್ಕ್ಯಾನ್ ಸಿಕ್ಕಿರುವ ಎಂಜಿನಿಯರ್‌ಗಳು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಒಂದು ವಿಷಯ ಮಾತ್ರ ಶುರುವಿನಿಂದ ಕೊನೆತನಕ ಬಿಡಬೇಡಿ. ಡಾಕ್ಟರಿಗೆ ಈಗಾಗಲೇ ಗೊತ್ತಿರುವುದಕ್ಕಿಂತ ಜಾಸ್ತಿ ಏನನ್ನು ನಿಮ್ಮ ಚಿತ್ರ ಹೇಳುತ್ತಿದೆ? ಪ್ರತಿ ಹಂತದಲ್ಲೂ ಇದನ್ನೇ ಕೇಳಿಕೊಳ್ಳಿ.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಕೋಡ್ ತೆರೆಯುವ ಮೊದಲು ಕಾಗದ ತೆಗೆದುಕೊಳ್ಳಿ. ಗಂಟಲ ಕ್ಯಾನ್ಸರ್ ಅಂತ ನಾವು ಒಂದೇ ಹೆಸರಲ್ಲಿ ಕರೆದರೂ ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಗೆಡ್ಡೆ ಬೇರೆ, ಧ್ವನಿಪೆಟ್ಟಿಗೆಯದು ಬೇರೆ, ಅದರ ಪಕ್ಕ ಅನ್ನನಾಳ ಶುರುವಾಗುವ ಕಡೆಯ ಹೈಪೊಫ್ಯಾರಿಂಕ್ಸ್ ಗೆಡ್ಡೆ ಬೇರೆ, ಮೂಗಿನ ಹಿಂಭಾಗದ್ದಂತೂ ಪೂರ್ತಿ ಬೇರೆಯೇ ಕಾಯಿಲೆ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ಮಾಡೆಲ್ ಕಲಿಯುವುದು ಗೆಡ್ಡೆ ಎಲ್ಲಿದೆ ಅನ್ನುವುದನ್ನು ಮಾತ್ರ. ಅದನ್ನು ತಿಳಿಯಲು ಮಾಡೆಲ್ ಬೇಕಾಗಿಲ್ಲ.

ಟಾನ್ಸಿಲ್ ಭಾಗದ ಗೆಡ್ಡೆಗಳಲ್ಲಿ ಎಚ್‌ಪಿವಿ ವೈರಸ್‌ನಿಂದ ಬಂದವು ಮತ್ತು ಹಾಗಲ್ಲದವು ಅಂತ ಎರಡು ಬಗೆ. 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 3 ವರ್ಷದ ನಂತರ ಬದುಕಿದ್ದವರು ಎಚ್‌ಪಿವಿ ಇದ್ದ ಗುಂಪಿನಲ್ಲಿ ಶೇ. 82.4, ಇಲ್ಲದ ಗುಂಪಿನಲ್ಲಿ ಶೇ. 57.1. ಇಷ್ಟು ದೊಡ್ಡ ವ್ಯತ್ಯಾಸ ಇರುವಾಗ ಗೆಡ್ಡೆಯಲ್ಲಿ ಎಚ್‌ಪಿವಿಯ ಗುರುತು ಹುಡುಕುವ ಪಿ16 ಟೆಸ್ಟ್ ಫಲಿತಾಂಶ ಇಲ್ಲದ ಟೇಬಲ್ ಇಟ್ಟುಕೊಂಡು ಕೆಲಸ ಶುರು ಮಾಡಬೇಡಿ. ಇಲ್ಲದಿದ್ದರೆ ನಿಮ್ಮ ಚಿತ್ರದ ಫೀಚರ್‌ಗಳು (ಚಿತ್ರದಿಂದ ಅಳೆದು ತೆಗೆದ ಸಂಖ್ಯೆಗಳು) ಎಚ್‌ಪಿವಿಯನ್ನೇ ಸುತ್ತುಬಳಸಿ ಹೇಳುತ್ತಿರುತ್ತವೆ, ನೀವು ಹೊಸದೇನೋ ಸಿಕ್ಕಿತು ಅಂದುಕೊಳ್ಳುತ್ತೀರಿ.

ಆಮೇಲೆ ಯಾವ ಸ್ಕ್ಯಾನ್ ಅನ್ನುವುದು. ಚಿಕಿತ್ಸೆಗೂ ಮೊದಲಿನ ಸ್ಕ್ಯಾನ್ ನೋಡಿ ಹೇಳುವುದು ಒಂದು ಕೆಲಸ, ಮುಗಿದು 3 ತಿಂಗಳಾದ ಮೇಲಿನ ಸ್ಕ್ಯಾನ್ ನೋಡಿ ಹೇಳುವುದು ಇನ್ನೊಂದು. ಮೊದಲನೆಯದು ಡೋಸ್ ಬದಲಿಸಬೇಕಾ ಅಂತ ಯೋಚಿಸಲು, ಎರಡನೆಯದು ಯಾರಿಗೆ ಬಯಾಪ್ಸಿ ಬೇಕು, ಯಾರನ್ನು ಸುಮ್ನೆ ಬಿಡಬಹುದು ಅಂತ ತೀರ್ಮಾನಿಸಲು. ವಾಕ್ಯ ಹೀಗಿರಲಿ: "ಟಾನ್ಸಿಲ್ ಮತ್ತು ನಾಲಿಗೆ ಬುಡದ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆದವರಲ್ಲಿ, ಚಿಕಿತ್ಸೆಗೆ ಮೊದಲಿನ ಪೆಟ್-ಸಿಟಿ ನೋಡಿ, 2 ವರ್ಷದೊಳಗೆ ಅದೇ ಜಾಗದಲ್ಲಿ ಅಥವಾ ಕುತ್ತಿಗೆಯ ಗಂಟಿನಲ್ಲಿ ಮರುಕಳಿಸುವ ಸಾಧ್ಯತೆ ಎಷ್ಟು?" (ಪೆಟ್-ಸಿಟಿ ಅಂದರೆ ಸಕ್ಕರೆ ಹೀರುವ ಜಾಗ ತೋರಿಸುವ ಪೆಟ್, ಒಳಗಿನ ಆಕಾರ ತೋರಿಸುವ ಸಿಟಿ, ಎರಡನ್ನೂ ಒಟ್ಟಿಗೆ ಮಾಡುವ ಸ್ಕ್ಯಾನ್.) ಇಷ್ಟನ್ನು ಬರೆಯಲು ಆಗದಿದ್ದರೆ ಮುಂದೆ ಹೋಗಬೇಡಿ.

ಹಂತ 2: ಈಗ ಡಾಕ್ಟರುಗಳು ಏನು ಮಾಡುತ್ತಾರೆ, ಅದನ್ನು ಕಲಿಯಿರಿ

ಈ ಹಂತವನ್ನು ಬಿಟ್ಟು ಓಡುವವರೇ ಜಾಸ್ತಿ, ಅದರಲ್ಲೂ ಕಂಪ್ಯೂಟರ್ ಕಡೆಯಿಂದ ಬಂದವರು. ಸ್ವಲ್ಪ ನಿಧಾನಿಸಿ.

ರೇಡಿಯೇಷನ್ ಮುಗಿದ ಕೂಡಲೇ ಗಂಟಲು ಕೆಂಡದ ಹಾಗಿರುತ್ತದೆ. ಊತ, ಉರಿ, ಸತ್ತ ಜೀವಕೋಶಗಳನ್ನು ತಿನ್ನಲು ಬಂದ ಬಿಳಿರಕ್ತಕಣಗಳು. ಪೆಟ್ ಸ್ಕ್ಯಾನ್‌ನಲ್ಲಿ ಕೊಡುವ ಎಫ್‌ಡಿಜಿ ವಿಕಿರಣ ಸೂಸುವ ಒಂದು ಬಗೆಯ ಸಕ್ಕರೆ. ಕ್ಯಾನ್ಸರ್ ಕೋಶ ಅದನ್ನು ಹೀರುವ ಹಾಗೆಯೇ ಉರಿಯೂತದ ಕೋಶವೂ ಹೀರುತ್ತದೆ. 4 ವಾರಕ್ಕೇ ಸ್ಕ್ಯಾನ್ ಮಾಡಿದರೆ ಇಡೀ ಗಂಟಲು ಹೊಳೆಯುತ್ತದೆ, ಏನೂ ಅರ್ಥವಾಗುವುದಿಲ್ಲ. ಹಾಗಾಗಿ 12 ವಾರ ಕಾಯುವುದು ರೂಢಿ. ಬ್ರಿಟನ್ನಿನ ಪೆಟ್-ನೆಕ್ ಪ್ರಯೋಗ ಇದಕ್ಕೆ ಗಟ್ಟಿ ನೆಲೆ ಕೊಟ್ಟಿತು. ಕುತ್ತಿಗೆಯ ಗಂಟುಗಳಿಗೂ ಕ್ಯಾನ್ಸರ್ ಹರಡಿದ್ದ 564 ಜನರಲ್ಲಿ ಅರ್ಧದಷ್ಟು ಜನರಿಗೆ ಕುತ್ತಿಗೆ ಆಪರೇಷನ್ ಮೊದಲೇ ನಿಗದಿ, ಉಳಿದವರಿಗೆ 12 ವಾರದ ಪೆಟ್-ಸಿಟಿ ನೋಡಿ ಬೇಕಾದರೆ ಮಾತ್ರ. 2016ರಲ್ಲಿ ಬಂದ ಫಲಿತಾಂಶದ ಪ್ರಕಾರ 2 ವರ್ಷದ ಬದುಕುಳಿಯುವಿಕೆ ಸ್ಕ್ಯಾನ್ ಗುಂಪಿನಲ್ಲಿ ಶೇ. 84.9, ಆಪರೇಷನ್ ಗುಂಪಿನಲ್ಲಿ ಶೇ. 81.5. ಆಪರೇಷನ್‌ಗಳ ಲೆಕ್ಕ ನೋಡಿ: ಒಂದು ಕಡೆ 54, ಇನ್ನೊಂದು ಕಡೆ 221. ಒಂದು ಸ್ಕ್ಯಾನನ್ನು ಸರಿಯಾದ ಹೊತ್ತಿಗೆ ಮಾಡಿದ್ದರಿಂದ ಇಷ್ಟು ಜನರ ಕುತ್ತಿಗೆಗೆ ಕತ್ತರಿ ತಪ್ಪಿತು.

ಆ ಸ್ಕ್ಯಾನನ್ನು ಓದುವುದಕ್ಕೂ ಒಂದು ಕ್ರಮ ಇದೆ. 2014ರಲ್ಲಿ ಬಂದ ಹಾಪ್‌ಕಿನ್ಸ್ ಮಾನದಂಡದಲ್ಲಿ 1ರಿಂದ 5ರವರೆಗೆ ಅಂಕ. ಗೆಡ್ಡೆ ಇದ್ದ ಜಾಗದ ಹೊಳಪನ್ನು ಕುತ್ತಿಗೆಯ ದೊಡ್ಡ ರಕ್ತನಾಳದ ಜೊತೆ, ಆಮೇಲೆ ಲಿವರ್ ಜೊತೆ ಹೋಲಿಸುತ್ತಾರೆ. ರಕ್ತನಾಳಕ್ಕಿಂತ ಕಡಿಮೆ ಇದ್ದರೆ ನಿರಾಳ. ಹರಡಿಕೊಂಡ ಹೊಳಪಿದ್ದರೆ ಉರಿಯೂತ ಇರಬಹುದು ಅಂತ 3. ಒಂದೇ ಕಡೆ ಚುಕ್ಕಿಯಂತೆ ಲಿವರ್‌ಗಿಂತ ಜಾಸ್ತಿ ಹೊಳೆದರೆ 4, ತುಂಬಾ ಜಾಸ್ತಿಯಾದರೆ 5. ಅಮೆರಿಕದ ರೇಡಿಯಾಲಜಿ ಕಾಲೇಜು ತಂದ ನೈ-ರಾಡ್ಸ್ ಕೂಡ ಹೀಗೆಯೇ, 1ರಿಂದ 4ರ ತನಕ ಅನುಮಾನದ ಮಟ್ಟ ಹೇಳಿ, ಪ್ರತಿ ಮಟ್ಟಕ್ಕೂ ಮುಂದೇನು ಮಾಡಬೇಕು ಅಂತ ಸೂಚಿಸುತ್ತದೆ.

ಎಂಆರ್‌ಐ ಇದ್ದರೆ ಡಿಫ್ಯೂಷನ್ ಚಿತ್ರಗಳನ್ನೂ ನೋಡುತ್ತಾರೆ. ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ ತುಂಬಿಕೊಂಡ ಕಡೆ ನೀರಿನ ಕಣಗಳಿಗೆ ಓಡಾಡಲು ಜಾಗ ಇರುವುದಿಲ್ಲ, ಎಡಿಸಿ ಅನ್ನುವ ಅಳತೆ ಇಳಿಯುತ್ತದೆ. ಊತ ಇದ್ದ ಕಡೆ ನೀರು ಸಡಿಲವಾಗಿ ಓಡಾಡುತ್ತದೆ, ಎಡಿಸಿ ಏರುತ್ತದೆ. ಒಣಗಿದ ಹಳೆ ಗಾಯದ ಕಲೆಯಲ್ಲೂ ಎಡಿಸಿ ಕಡಿಮೆಯೇ ಕಾಣಬಹುದು. ಅದಕ್ಕೇ ಅದೇ ಜಾಗದ ಟಿ2 ಚಿತ್ರವನ್ನು (ನೀರು ಬೆಳ್ಳಗೆ ಕಾಣುವ ಎಂಆರ್‌ಐ ಚಿತ್ರ) ಪಕ್ಕದಲ್ಲಿ ಇಟ್ಟುಕೊಂಡೇ ಓದಬೇಕು. ಕಲೆಯಾದರೆ ಅಲ್ಲೂ ಕಪ್ಪಾಗಿಯೇ ಇರುತ್ತದೆ.

ನಿಮ್ಮ ಮಾಡೆಲ್ ಗೆಲ್ಲಬೇಕಾದದ್ದು ಇವುಗಳ ಎದುರು.

ಹಂತ 3: ಡೇಟಾ ಸೇರಿಸಿ, ಘಟನೆಗಳನ್ನು ಎಣಿಸಿ

ಸ್ವಂತ ಡೇಟಾ ಇಲ್ಲದಿದ್ದರೆ ದಿ ಕ್ಯಾನ್ಸರ್ ಇಮೇಜಿಂಗ್ ಆರ್ಕೈವ್‌ನಿಂದ ಶುರು ಮಾಡಿ. ಕೆನಡಾದ ಕ್ವಿಬೆಕ್‌ನ 4 ಕೇಂದ್ರಗಳ 298 ಜನರ ಪೆಟ್-ಸಿಟಿ ಸಂಗ್ರಹ ಅಲ್ಲಿದೆ. ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಿಂದ 137 ಜನರದ್ದು. ಟೊರಾಂಟೊದ ಪ್ರಿನ್ಸೆಸ್ ಮಾರ್ಗರೆಟ್ ಕೇಂದ್ರದ ರ‍್ಯಾಡ್‌ಕ್ಯೂರ್ ಸಂಗ್ರಹದಲ್ಲಂತೂ 3,346 ಜನರ ಪ್ಲಾನಿಂಗ್ ಸಿಟಿ, ಅಂದರೆ ರೇಡಿಯೇಷನ್ ಯೋಜನೆಗೆ ತೆಗೆದ ಸಿಟಿ, ಇದೆ. ಹೆಕ್ಟರ್ ಅನ್ನುವ ಸ್ಪರ್ಧೆಯ 2022ರ ಆವೃತ್ತಿಯಲ್ಲಿ 9 ಕೇಂದ್ರಗಳ 883 ಕೇಸ್‌ಗಳನ್ನು ಇಟ್ಟು, ಗೆಡ್ಡೆಯ ಗಡಿ ಗುರುತಿಸುವುದು ಮತ್ತು ಮರುಕಳಿಸದೆ ಇರುವ ಅವಧಿಯನ್ನು ಅಂದಾಜು ಮಾಡುವುದು ಎರಡನ್ನೂ ಕೇಳಿದ್ದರು. ಕೆಲವು ಸಂಗ್ರಹಗಳಿಗೆ ಅರ್ಜಿ ಹಾಕಿ ಒಪ್ಪಂದಕ್ಕೆ ಸಹಿ ಮಾಡಬೇಕು. ಕಾರಣ ಸರಳ: ತಲೆ-ಕುತ್ತಿಗೆ ಸಿಟಿಯಿಂದ ಮನುಷ್ಯನ ಮುಖವನ್ನೇ ಮರಳಿ ಕಟ್ಟಬಹುದು. ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ಸ್ವಂತ ಆಸ್ಪತ್ರೆಯ ಡೇಟಾ ಆದರೆ ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಫೈಲ್ ಆಮೇಲೆ.

ಈಗ ಎಣಿಕೆ. 300 ಜನ ಇದ್ದಾರೆ ಅಂದುಕೊಳ್ಳಿ. ಅವರಲ್ಲಿ ಮರುಕಳಿಸಿದ್ದು 45 ಜನರಿಗೆ. ನಿಮ್ಮ ಡೇಟಾದ ನಿಜವಾದ ಗಾತ್ರ 45, ಅಷ್ಟೇ. ಒಂದು ಫೀಚರ್‌ಗೆ ಕನಿಷ್ಠ 10 ಘಟನೆ (ಇಲ್ಲಿ ಮರುಕಳಿಕೆ) ಬೇಕು ಅನ್ನುವ ಹಳೆಯ ಅಂದಾಜಿನ ಲೆಕ್ಕ ಹಿಡಿದರೆ 4 ಫೀಚರ್ ಇಟ್ಟುಕೊಳ್ಳಬಹುದು. ಸಾವಿರ ಫೀಚರ್ ತೆಗೆದು ಅದರಲ್ಲಿ ಚೆನ್ನಾಗಿ ಕಂಡ 20 ಆರಿಸಿದರೆ, ಆ 20ರಲ್ಲಿ ಬಹುಪಾಲು ಬರೀ ಅದೃಷ್ಟದಿಂದ ಬಂದು ಕೂತಿರುತ್ತವೆ. ಆ 45ನ್ನು ದೊಡ್ಡದಾಗಿ ಬರೆದು ಕಣ್ಣೆದುರು ಅಂಟಿಸಿಕೊಳ್ಳಿ.

ಹಂತ 4: ಫಲಿತಾಂಶದ ಟೇಬಲ್

ಪ್ರತಿಯೊಬ್ಬರಿಗೂ ರೇಡಿಯೇಷನ್ ಶುರುವಾದ ದಿನ, ಮುಗಿದ ದಿನ, ಮರುಕಳಿಸಿದ ದಿನ, ಎಲ್ಲಿ ಮರುಕಳಿಸಿತು, ಕೊನೆಯ ಬಾರಿ ನೋಡಿದ ದಿನ, ಆಗ ಹೇಗಿದ್ದರು. ಮರುಕಳಿಸಿದ್ದು ಬಯಾಪ್ಸಿಯಲ್ಲಿ ಖಚಿತವಾಯಿತಾ, ಸ್ಕ್ಯಾನ್ ನೋಡಿ ಹೇಳಿದ್ದಾ ಅನ್ನುವುದಕ್ಕೆ ಬೇರೆ ಕಾಲಂ ಇರಲಿ. ಇದು ಯಾಕೆ ಮುಖ್ಯ ಅಂದರೆ, ಸ್ಕ್ಯಾನ್‌ನಿಂದಲೇ ಮರುಕಳಿಕೆ ಅಂತ ತೀರ್ಮಾನಿಸಿ ಅದೇ ಸ್ಕ್ಯಾನ್‌ನಿಂದ ಮರುಕಳಿಕೆ ಊಹಿಸಿದರೆ ಉತ್ತರ ಪತ್ರಿಕೆ ನೋಡಿಕೊಂಡೇ ಪರೀಕ್ಷೆ ಬರೆದ ಹಾಗೆ.

ಪೂರ್ತಿ ಹೋಗದೇ ಉಳಿದ ಗೆಡ್ಡೆ ಮತ್ತು ಹೋಗಿ ಮರಳಿ ಬಂದ ಗೆಡ್ಡೆ ಎರಡನ್ನೂ ಬೇರೆ ಮಾಡಿ. 6 ತಿಂಗಳೊಳಗೆ ಸಿಕ್ಕಿದ್ದನ್ನು ಉಳಿದದ್ದು ಅಂತ ಗಣಿಸುವವರು ಬಹಳ ಜನ. ಯಾವ ಗಡಿ ಹಾಕಿದರೂ ಸರಿ, ಮೊದಲೇ ಬರೆದಿಡಿ. 8 ತಿಂಗಳಿಗೆ ಬರುವುದನ್ನೇ ನಿಲ್ಲಿಸಿದವರನ್ನು "ಮರುಕಳಿಸಲಿಲ್ಲ" ಅಂತ ಹಾಕಬೇಡಿ, 8 ತಿಂಗಳವರೆಗೆ ಗೊತ್ತು, ಆಮೇಲೆ ಗೊತ್ತಿಲ್ಲ ಅಂತ ಸೆನ್ಸಾರ್ ಮಾಡಿ. ಬೇರೆ ಕಾರಣಕ್ಕೆ ತೀರಿಕೊಂಡವರಿಗೆ, ಆ ಸಾವನ್ನು ಪ್ರತ್ಯೇಕ ಫಲಿತಾಂಶವಾಗಿ ಎಣಿಸುವ ಕಾಂಪಿಟಿಂಗ್ ರಿಸ್ಕ್ ವಿಧಾನ ಬಳಸಿ. ಈ ಕಾಯಿಲೆಯವರಲ್ಲಿ ತಂಬಾಕಿನಿಂದ ಹೃದಯ, ಶ್ವಾಸಕೋಶ ಕೂಡ ಹಾಳಾಗಿರುವುದು ಸಾಮಾನ್ಯ, ಹಾಗಾಗಿ ಈ ಗುಂಪು ಸಣ್ಣದೇನಲ್ಲ.

ಹಂತ 5: ಚಿತ್ರಗಳನ್ನು ಕಣ್ಣಾರೆ ನೋಡಿ, ಎಸ್‌ಯುವಿ ಸರಿಪಡಿಸಿ

3ಡಿ ಸ್ಲೈಸರ್ ಉಚಿತ. ಒಂದೊಂದೇ ಸ್ಕ್ಯಾನ್ ತೆರೆಯಿರಿ. ಬೇಜಾರಾದರೂ ಎಲ್ಲವನ್ನೂ ತೆರೆಯಿರಿ. ಹಲ್ಲಿಗೆ ತುಂಬಿಸಿದ ಲೋಹ ಸಿಟಿಯಲ್ಲಿ ನಕ್ಷತ್ರದ ಕಿರಣಗಳಂತೆ ಗೆರೆ ಎಳೆಯುತ್ತದೆ, ಆ ಗೆರೆ ಹಾದುಹೋಗುವುದು ಸರಿಯಾಗಿ ಟಾನ್ಸಿಲ್ ಮೇಲೆಯೇ. ಅಂಥ ಸ್ಲೈಸ್‌ಗಳನ್ನು ಗುರುತು ಹಾಕಿ, ಗೆಡ್ಡೆಯ ಬಹುಪಾಲು ಅದರಲ್ಲೇ ಇದ್ದರೆ ಆ ಸಿಟಿಯನ್ನು ಟೆಕ್ಸ್‌ಚರ್ (ಗೆಡ್ಡೆಯೊಳಗಿನ ಹೊಳಪಿನ ಏರುಪೇರು) ಲೆಕ್ಕದಿಂದ ಹೊರಗಿಡಿ. ಕಾಂಟ್ರಾಸ್ಟ್ ಕೊಟ್ಟದ್ದೂ ಕೊಡದಿದ್ದೂ ಬೆರೆತಿದ್ದರೆ ಅದನ್ನೂ ಬರೆದಿಡಿ.

ಪೆಟ್‌ನಲ್ಲಿ ಕಾಡುವುದು ಎಸ್‌ಯುವಿ, ಅಂದರೆ ಕೊಟ್ಟ ಡೋಸ್ ಮತ್ತು ದೇಹದ ತೂಕಕ್ಕೆ ಹೋಲಿಸಿದರೆ ಒಂದು ಜಾಗ ಎಷ್ಟು ಎಫ್‌ಡಿಜಿ ಹೀರಿದೆ ಅನ್ನುವ ಅಳತೆ. ಒಂದು ಲೆಕ್ಕ ಮಾಡೋಣ. 70 ಕೆಜಿ ತೂಕದವರಿಗೆ 370 ಮೆಗಾಬೆಕ್ವೆರೆಲ್ ಎಫ್‌ಡಿಜಿ ಕೊಟ್ಟು 60 ನಿಮಿಷದ ನಂತರ ಸ್ಕ್ಯಾನ್ ಮಾಡಿದರು. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ, ಅಂದರೆ ಸ್ಕ್ಯಾನ್ ಹೊತ್ತಿಗೆ ಉಳಿದದ್ದು ಸುಮಾರು 253. ಅದನ್ನು 70ರಿಂದ ಭಾಗಿಸಿದರೆ ಗ್ರಾಂಗೆ 3.62 ಕಿಲೊಬೆಕ್ವೆರೆಲ್. ಗೆಡ್ಡೆಯ ಒಂದು ಬಿಂದುವಿನಲ್ಲಿ 36.2 ಇದ್ದರೆ ಎಸ್‌ಯುವಿ 10. ಈಗ ಕ್ಷಯದ ಲೆಕ್ಕ ಮರೆತು 370ನ್ನೇ ನೇರ 70ರಿಂದ ಭಾಗಿಸಿದಿರಿ ಅನ್ನಿ. ಅದೇ ಬಿಂದು ಈಗ 6.8 ಆಯಿತು! ಹಾಗಂತ ಎಲ್ಲ ಯಂತ್ರಕ್ಕೂ ಕಣ್ಣು ಮುಚ್ಚಿ ಈ ತಿದ್ದುಪಡಿ ಮಾಡುವ ಹಾಗೂ ಇಲ್ಲ. ಕೆಲವು ಯಂತ್ರಗಳು ಸ್ಕ್ಯಾನ್ ಶುರುವಾದ ಹೊತ್ತಿಗೆ ತಿದ್ದಿರುತ್ತವೆ, ಕೆಲವು ಇಂಜೆಕ್ಷನ್ ಕೊಟ್ಟ ಹೊತ್ತಿಗೆ. ಸ್ಕ್ಯಾನ್ ಫೈಲ್‌ನ ಜೊತೆಗೇ ಬರುವ ಮಾಹಿತಿ, ಅಂದರೆ ಡೈಕಾಮ್ ಹೆಡರ್‌ನಲ್ಲಿ ಡಿಕೇ ಕರೆಕ್ಷನ್ ಅನ್ನುವ ಟ್ಯಾಗ್ ಓದಿ ತೀರ್ಮಾನಿಸಿ. ತಪ್ಪಿದೆಯಾ ಅಂತ ಹಿಡಿಯಲು ಸುಲಭದ ದಾರಿ: ಎಲ್ಲರ ಲಿವರ್ ಮೇಲೆ ಒಂದು ಉಂಡೆ ಗುರುತಿಸಿ ಸರಾಸರಿ ಎಸ್‌ಯುವಿ ತೆಗೆಯಿರಿ. ಸಾಮಾನ್ಯವಾಗಿ 2ರ ಆಸುಪಾಸು ಬರುತ್ತದೆ. ಯಾರದೋ 0.9 ಅಥವಾ 5 ಬಂದರೆ ಆ ಫೈಲ್ ಮತ್ತೆ ನೋಡಿ. ತೂಕ ತಪ್ಪಾಗಿ ನಮೂದಾಗಿರಬಹುದು, ಇಂಜೆಕ್ಷನ್ ಚರ್ಮದಡಿ ಸೋರಿರಬಹುದು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿರಬಹುದು. ಸ್ಕ್ಯಾನ್ ಕುತ್ತಿಗೆಗೇ ನಿಂತಿದ್ದರೆ ಲಿವರ್ ಸಿಗುವುದಿಲ್ಲ, ಆಗ ರಕ್ತನಾಳವನ್ನೋ ಕಿರುಮೆದುಳನ್ನೋ ಹಿಡಿದು ಎಲ್ಲರದ್ದನ್ನೂ ಹೋಲಿಸಿ.

ಹಂತ 6: ಗೆಡ್ಡೆಯ ಗಡಿ

ಚಿಕಿತ್ಸೆಗೆ ಮೊದಲಿನ ಸ್ಕ್ಯಾನ್ ಆದರೆ ರೇಡಿಯೋಥೆರಪಿ ಪ್ಲಾನ್‌ನಲ್ಲಿ ಡಾಕ್ಟರ್ ಎಳೆದ ಗೆಡ್ಡೆಯ ಗಡಿ, ಅಂದರೆ ಜಿಟಿವಿ ಸಿಗುತ್ತದೆ. ಅದನ್ನೇ ಹಾಗೇ ಬಳಸಬೇಡಿ. ಚಿಕಿತ್ಸೆಗಾಗಿ ಎಳೆದ ಗಡಿಯೊಳಗೆ ಗಂಟಲಿನ ಗಾಳಿಯೂ ಸೇರಿರುತ್ತದೆ, ಚಿಕಿತ್ಸೆಗೆ ಅದರಿಂದ ತೊಂದರೆ ಇಲ್ಲ. ಟೆಕ್ಸ್‌ಚರ್ ಅಳೆಯುವಾಗ ಮಾತ್ರ ಸಿಟಿಯ ಹೌನ್ಸ್‌ಫೀಲ್ಡ್ ಅಳತೆಯಲ್ಲಿ ಮೈನಸ್ ಸಾವಿರದ ಹತ್ತಿರದ ಗಾಳಿಯ ಬಿಂದುಗಳು ಗೆಡ್ಡೆಯ ಬಿಂದುಗಳ ಪಕ್ಕದಲ್ಲಿ ಕೂತು ಎಲ್ಲ ಲೆಕ್ಕವನ್ನೂ ಕೆಡಿಸುತ್ತವೆ. ಗಾಳಿ ಮತ್ತು ಮೂಳೆಯನ್ನು ತೆಗೆದುಹಾಕಿ.

ಸ್ವತಃ ಎಳೆಯುತ್ತಿದ್ದರೆ 30-40 ಕೇಸ್‌ಗಳನ್ನಾದರೂ ಇಬ್ಬರು ಒಬ್ಬರದ್ದನ್ನೊಬ್ಬರು ನೋಡದೆ ಎಳೆಯಲಿ. ಯಾರು ಎಳೆದರು ಅನ್ನುವುದರ ಮೇಲೆ ಬದಲಾಗುವ ಫೀಚರ್‌ಗಳನ್ನು ಅಲ್ಲೇ ಕೈಬಿಡಿ. ಎನ್‌ಎನ್-ಯುನೆಟ್‌ನಂಥ ಸಾಧನಗಳು ಈಗ ತಾವೇ ಗಡಿ ಎಳೆಯುತ್ತವೆ, ಸಮಯ ಉಳಿಯುತ್ತದೆ. ಆದರೂ ಪ್ರತಿಯೊಂದನ್ನೂ ನೋಡಿ ಒಪ್ಪಿ. ಟಾನ್ಸಿಲ್‌ನ ಸಹಜ ಹೊಳಪನ್ನು ಗೆಡ್ಡೆ ಅಂದುಕೊಳ್ಳುವುದು ಅವಕ್ಕೆ ಮಾಮೂಲು.

12 ವಾರದ ಸ್ಕ್ಯಾನ್ ಆದರೆ ಎಳೆಯಲು ಗೆಡ್ಡೆಯೇ ಇರುವುದಿಲ್ಲ, ಇರಬಾರದು ಕೂಡ. ಆಗ ಮೊದಲಿನ ಸ್ಕ್ಯಾನನ್ನು ಹೊಸದರ ಮೇಲೆ ಹೊಂದಿಸಿ, ಹಳೆಯ ಗಡಿಯನ್ನು ಹೊಸ ಚಿತ್ರಕ್ಕೆ ತಂದು, ಆ ಜಾಗದಲ್ಲಿ ಏನು ಬದಲಾಗಿದೆ ಅಂತ ಅಳೆಯುತ್ತೇವೆ. ಈ ನಡುವೆ ಮನುಷ್ಯ ಸಣ್ಣಗಾಗಿರುತ್ತಾನೆ, ಕುತ್ತಿಗೆಯ ಆಕಾರವೇ ಬೇರೆಯಾಗಿರುತ್ತದೆ. ಹೊಂದಿಕೆ ಸರಿಯಾಗಿದೆಯಾ ಅಂತ ದವಡೆ ಮೂಳೆ, ಕುತ್ತಿಗೆಯ ಮಣಿಗಳು, ಹಯಾಯ್ಡ್ ಮೂಳೆ ನೋಡಿ ಪರೀಕ್ಷಿಸಿ. ಹಯಾಯ್ಡ್ ನುಂಗಿದಾಗ ಮೇಲೆ ಕೆಳಗೆ ಓಡಾಡುವ ಮೂಳೆ, ಅಲ್ಲಿ ಕೆಲವು ಮಿಲಿಮೀಟರ್ ತಪ್ಪು ಉಳಿದೇ ಉಳಿಯುತ್ತದೆ.

ಹಂತ 7: ಫೀಚರ್ ತೆಗೆಯುವುದು

ಚಿತ್ರದಿಂದ ಫೀಚರ್ ತೆಗೆಯುವ ಪೈರೇಡಿಯೋಮಿಕ್ಸ್ ಅನ್ನುವ ಪೈಥಾನ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಮೂಲ ಚಿತ್ರದಿಂದ 107 ಫೀಚರ್ ಬರುತ್ತವೆ: ಆಕಾರದ್ದು 14, ಹೊಳಪಿನ ಹಂಚಿಕೆಯದು 18, ಉಳಿದವೆಲ್ಲ ಟೆಕ್ಸ್‌ಚರ್. ವೇವ್‌ಲೆಟ್ ಮುಂತಾದ ಫಿಲ್ಟರ್ ಸೇರಿಸಿದರೆ ಸಾವಿರದ ಹತ್ತಿರ ಹೋಗುತ್ತದೆ. ನಿಮ್ಮ 45 ನೆನಪಿದೆಯಲ್ವಾ? ನನ್ನ ಸಲಹೆ, ಮೊದಲು 107ರಲ್ಲೇ ನಿಲ್ಲಿ.

ಎಲ್ಲ ಚಿತ್ರಗಳನ್ನೂ ಒಂದೇ ಅಳತೆಯ ಘನಗಳಿಗೆ ತನ್ನಿ, ಸಿಟಿಗೆ 1 ಅಥವಾ 2 ಮಿಮೀ, ಪೆಟ್‌ಗೆ ಇನ್ನೂ ಸ್ವಲ್ಪ ದಪ್ಪ ಆದರೂ ಸರಿ. ಬಿನ್ ಅಗಲ (ಹೊಳಪಿನ ಬೆಲೆಗಳನ್ನು ಗುಂಪು ಮಾಡುವ ಮೆಟ್ಟಿಲಿನ ಗಾತ್ರ) ಸಿಟಿಗೆ 25 ಹೌನ್ಸ್‌ಫೀಲ್ಡ್ ಇಟ್ಟರೆ ಸಾಕು, ಪೆಟ್‌ಗೆ ಅದೇ 25 ಬಿಟ್ಟರೆ ಇಡೀ ಗೆಡ್ಡೆ ಒಂದೇ ಬಿನ್‌ಗೆ ಬಿದ್ದು ಟೆಕ್ಸ್‌ಚರ್ ಸೊನ್ನೆಯಾಗುತ್ತದೆ, ಹಾಗಾಗಿ 0.25 ಅಥವಾ 0.5 ಎಸ್‌ಯುವಿ. ಫೀಚರ್‌ಗಳ ವ್ಯಾಖ್ಯಾನಕ್ಕೆ 2020ರಲ್ಲಿ ಐಬಿಎಸ್‌ಐ ತಂಡ ಪ್ರಕಟಿಸಿದ ಮಾನದಂಡ ಇದೆ, 169 ಫೀಚರ್‌ಗಳಿಗೆ ಎಲ್ಲರೂ ಒಪ್ಪಿದ ಉತ್ತರ ಅದರಲ್ಲಿದೆ. ನಿಮ್ಮ ಸೆಟ್ಟಿಂಗ್ ಫೈಲನ್ನು ಹಾಗೇ ಉಳಿಸಿಡಿ.

ಟೆಕ್ಸ್‌ಚರ್ ಅಂದರೆ ಏನು ಅಂತ ಒಂದು ಚಿತ್ರ ಕಣ್ಣಮುಂದೆ ತಂದುಕೊಳ್ಳಿ. ಕುತ್ತಿಗೆಯಲ್ಲಿ ದೊಡ್ಡ ಗಂಟು, ಅಂಚು ಉಂಗುರದ ಹಾಗೆ ಹೊಳೆಯುತ್ತಿದೆ, ನಡುವೆ ಕಪ್ಪು. ರಕ್ತ ತಲುಪದೆ ನಡುಭಾಗ ಸತ್ತಿದೆ. ಸತ್ತ ಭಾಗಕ್ಕೂ ಬದುಕಿರುವ ಭಾಗಕ್ಕೂ ನಡುವೆ ಆಮ್ಲಜನಕ ಸಾಲದ ಒಂದು ಪಟ್ಟಿ ಇರುತ್ತದೆ, ಅಲ್ಲಿನ ಕೋಶಗಳಿಗೆ ರೇಡಿಯೇಷನ್ ಅಷ್ಟಾಗಿ ತಾಕುವುದಿಲ್ಲ. ಆಮ್ಲಜನಕ ಕಡಿಮೆ ಇದ್ದರೆ ಅದೇ ಡೋಸ್‌ಗೆ ಡಿಎನ್‌ಎಗೆ ಆಗುವ ಹಾನಿಯೂ ಕಡಿಮೆ. ಚಿತ್ರದಲ್ಲಿನ ಏರುಪೇರು ಈ ಒಳಗಿನ ಏರುಪೇರನ್ನು ಹೇಳುತ್ತದೆ ಅನ್ನುವುದೇ ಸ್ಕ್ಯಾನನ್ನು ಸಂಖ್ಯೆಗಳಾಗಿ ಅಳೆಯುವ ರೇಡಿಯೋಮಿಕ್ಸ್ ಅನ್ನುವ ಇಡೀ ಕ್ಷೇತ್ರದ ನಂಬಿಕೆ. ನಂಬಿಕೆಗೆ ಆಧಾರ ಇದೆ, ನಿಮ್ಮ ಡೇಟಾದಲ್ಲಿ ಅದು ನಿಜವಾ ಅಂತ ಪರೀಕ್ಷಿಸುವುದು ಮುಂದಿನ ಹಂತ.

ಹಂತ 8: ಮಾಡೆಲ್, ಮತ್ತು ಗಾತ್ರದ ಬಲೆ

ಇಲ್ಲಿ ಜಾಸ್ತಿ ಹೊತ್ತು ನಿಲ್ಲೋಣ. ಈ ಕ್ಷೇತ್ರ ಎಡವಿದ್ದು ಇಲ್ಲೇ.

2014ರಲ್ಲಿ 1,019 ಜನರ ಸಿಟಿಯಿಂದ 440 ಫೀಚರ್ ತೆಗೆದು, ಶ್ವಾಸಕೋಶ ಮತ್ತು ತಲೆ-ಕುತ್ತಿಗೆ ಕ್ಯಾನ್ಸರ್ ಎರಡರಲ್ಲೂ ಕೆಲಸ ಮಾಡುವ 4 ಫೀಚರ್‌ಗಳ ಗುಂಪೊಂದನ್ನು ಪ್ರಕಟಿಸಿದರು. ರೇಡಿಯೋಮಿಕ್ಸ್‌ಗೆ ಹೆಸರು ತಂದ ಕೆಲಸ ಅದು. 2019ರಲ್ಲಿ ಬೇರೊಂದು ತಂಡ ಅದನ್ನೇ ತೆಗೆದುಕೊಂಡು ಒಂದು ಸರಳ ಪರೀಕ್ಷೆ ಮಾಡಿತು. ಗೆಡ್ಡೆಯ ಗಡಿಯನ್ನು ಹಾಗೇ ಬಿಟ್ಟು, ಒಳಗಿನ ಬಿಂದುಗಳನ್ನೆಲ್ಲ ಇಸ್ಪೀಟ್ ಎಲೆ ಕಲಸಿದ ಹಾಗೆ ಕಲಸಿಬಿಟ್ಟಿತು. ಟೆಕ್ಸ್‌ಚರ್ ಪೂರ್ತಿ ಹಾಳಾಯಿತು. ಆದರೂ ಮುನ್ಸೂಚನೆ ಮೊದಲಿನಷ್ಟೇ ಚೆನ್ನಾಗಿತ್ತು! ಅಂದರೆ ಆ ಫೀಚರ್‌ಗಳು ಹೇಳುತ್ತಿದ್ದದ್ದು ಗೆಡ್ಡೆ ಎಷ್ಟು ದೊಡ್ಡದು ಅನ್ನುವುದನ್ನು. ದೊಡ್ಡ ಗೆಡ್ಡೆ ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಡೇಟಾ ಒಡೆಯಿರಿ. ಸಾಧ್ಯವಾದರೆ ಕೇಂದ್ರದ ಪ್ರಕಾರ: ಮೂರು ಕೇಂದ್ರದಲ್ಲಿ ಕಲಿಸಿ, ನಾಲ್ಕನೆಯದನ್ನು ಮುಟ್ಟದೆ ಪಕ್ಕಕ್ಕಿಡಿ. ಫೀಚರ್ ಆರಿಸುವುದು, ಸ್ಕೇಲ್ ಮಾಡುವುದು, ಸ್ಕ್ಯಾನರ್ ವ್ಯತ್ಯಾಸ ಸರಿಪಡಿಸುವ ಕಾಂಬ್ಯಾಟ್, ಎಲ್ಲವನ್ನೂ ಕಲಿಸುವ ಭಾಗದಲ್ಲಿ ಮಾತ್ರ ಕಲಿತು ಆಮೇಲೆ ಪರೀಕ್ಷೆಯ ಭಾಗಕ್ಕೆ ಅನ್ವಯಿಸಿ. ಹೊಸ ಕೇಂದ್ರದ ಸ್ಕ್ಯಾನರ್ ಕಾಂಬ್ಯಾಟ್‌ಗೆ ಗೊತ್ತೇ ಇರುವುದಿಲ್ಲ ಅನ್ನುವುದೂ ನೆನಪಿರಲಿ, ಅದನ್ನು ಹೇಗೆ ನಿಭಾಯಿಸುತ್ತೀರಿ ಅಂತ ಮೊದಲೇ ತೀರ್ಮಾನಿಸಿ. ಮೊದಲು ಎಲ್ಲರನ್ನೂ ಸೇರಿಸಿ ಫೀಚರ್ ಆರಿಸಿ, ಆಮೇಲೆ ಒಡೆದು ಪರೀಕ್ಷಿಸಿದರೆ ಬರುವ ಅಂಕ ಸುಳ್ಳು. ಒಬ್ಬರದ್ದೇ ಎರಡು ಸ್ಕ್ಯಾನ್ ಎರಡೂ ಕಡೆ ಹೋಗದಂತೆಯೂ ನೋಡಿಕೊಳ್ಳಿ.

ಈಗ ಮೂರು ಮಾಡೆಲ್ ಕಟ್ಟಿ. ಒಂದು, ವಯಸ್ಸು, ಹಂತ, ಎಚ್‌ಪಿವಿ, ತಂಬಾಕು ಮಾತ್ರ. ಎರಡು, ಅದಕ್ಕೆ ಗೆಡ್ಡೆಯ ಗಾತ್ರ ಸೇರಿಸಿ, ಪೆಟ್ ಇದ್ದರೆ ಸಕ್ಕರೆ ಹೀರುವ ಭಾಗದ ಗಾತ್ರ, ಅಂದರೆ ಎಂಟಿವಿ. ಮೂರು, ಅದಕ್ಕೂ ಮೇಲೆ ಟೆಕ್ಸ್‌ಚರ್. ಎಷ್ಟು ಬೇಗ ಮರುಕಳಿಸಬಹುದು ಅನ್ನುವ ಅಪಾಯವನ್ನು ಲೆಕ್ಕ ಹಾಕುವ ಕಾಕ್ಸ್ ಮಾಡೆಲ್‌ಗೆ, ಬೇಡದ ಫೀಚರ್‌ಗಳನ್ನು ಕೈಬಿಡುವ ಲ್ಯಾಸೋ ಕಡಿವಾಣ ಹಾಕಿದರೆ ಶುರುವಿಗೆ ಸಾಕಷ್ಟಾಯಿತು. ಪರೀಕ್ಷೆಯ ಕೇಂದ್ರದಲ್ಲಿ ಮೂರನೆಯದು ಎರಡನೆಯದನ್ನು ಮೀರಿಸಿದರೆ ಮಾತ್ರ ಚಿತ್ರದ ಒಳಗೆ ಏನೋ ಇದೆ ಅನ್ನಬಹುದು. ಮೀರಿಸಿದ ಮೇಲೂ ಕಲಸುವ ಪರೀಕ್ಷೆ ಮಾಡಿ, ಪೈಥಾನ್‌ನಲ್ಲಿ ನಾಲ್ಕೈದು ಸಾಲು ಅಷ್ಟೇ: ಮಾಸ್ಕ್ (ಗೆಡ್ಡೆಯ ಗಡಿ) ಒಳಗಿನ ಬೆಲೆಗಳನ್ನು ತೆಗೆದು, ಯಾದೃಚ್ಛಿಕವಾಗಿ ಕಲಸಿ, ಅದೇ ಜಾಗಗಳಿಗೆ ಮರಳಿ ತುಂಬಿ, ಫೀಚರ್ ಮತ್ತೆ ತೆಗೆಯಿರಿ. ಅಂಕ ಬೀಳಬೇಕು. ಬೀಳದಿದ್ದರೆ ಎರಡನೆಯ ಮಾಡೆಲ್‌ನ್ನೇ ಇಟ್ಟುಕೊಳ್ಳಿ. ಅದರಲ್ಲಿ ಸೋಲೇನಿಲ್ಲ, ಗಾತ್ರವನ್ನು ಸರಿಯಾಗಿ ಅಳೆದು ಬಳಸುವ ಸರಳ ಮಾಡೆಲ್ ಕ್ಲಿನಿಕ್‌ಗೆ ಎಷ್ಟೋ ಮೇಲು.

ಡೀಪ್ ಲರ್ನಿಂಗ್ ಬೇಡವಾ ಅಂತ ಕೇಳುತ್ತೀರಿ. ಸಾವಿರಕ್ಕೂ ಜಾಸ್ತಿ ಕೇಸ್ ಇದ್ದರೆ ಪ್ರಯತ್ನಿಸಿ. ಇವೇ ಮೂರು ಹೋಲಿಕೆಗಳು ಅಲ್ಲಿಗೂ ಅನ್ವಯ. ಜಾಲ ಎಲ್ಲಿ ನೋಡುತ್ತಿದೆ ಅಂತ ಪರಿಶೀಲಿಸಿ, ಗೆಡ್ಡೆ ಬಿಟ್ಟು ಆಹಾರದ ನಳಿಕೆಯನ್ನೋ ಟ್ರೇಕಿಯಾಸ್ಟಮಿ ಟ್ಯೂಬನ್ನೋ ನೋಡುತ್ತಿದ್ದರೆ ಅದು ಕಲಿತದ್ದು ಆ ರೋಗಿ ಎಷ್ಟು ಬಳಲಿದ್ದಾರೆ ಅನ್ನುವುದನ್ನು.

ಹಂತ 9: ಅಂಕಗಳನ್ನು ಜನರ ಲೆಕ್ಕಕ್ಕೆ ತನ್ನಿ

ಸಿ-ಇಂಡೆಕ್ಸ್ 0.5 ಅಂದರೆ ನಾಣ್ಯ ಚಿಮ್ಮಿದ ಹಾಗೆ, 1 ಅಂದರೆ ಯಾರಿಗೆ ಮೊದಲು ಮರುಕಳಿಸುತ್ತದೆ ಅನ್ನುವ ಸಾಲು ಒಂದೂ ತಪ್ಪಿಲ್ಲ. ಅದನ್ನು ವರದಿ ಮಾಡಿ, ಜೊತೆಗೆ ವಿಶ್ವಾಸಾಂತರವನ್ನೂ ಕೊಡಿ. ಶೇ. 30 ಅಂತ ಹೇಳಿದವರಲ್ಲಿ ನಿಜಕ್ಕೂ ನೂರಕ್ಕೆ 30 ಜನರಿಗೆ ಮರುಕಳಿಸಿತಾ ಅನ್ನುವ ಕ್ಯಾಲಿಬ್ರೇಷನ್ ಇನ್ನೂ ಮುಖ್ಯ. ರೋಗಿ ಕೇಳುವುದು ಆ ಸಂಖ್ಯೆಯನ್ನೇ.

ಆಮೇಲೆ ಒಂದು ಕಾಗದದ ಮೇಲೆ ಈ ಲೆಕ್ಕ ಮಾಡಿ. 200 ಜನ, 30 ಜನರಿಗೆ ಮರುಕಳಿಸುತ್ತದೆ. ಮಾಡೆಲ್ 80ಕ್ಕೆ 80, ಅಂದರೆ ಮರುಕಳಿಸುವವರಲ್ಲಿ ಶೇ. 80 ಜನರನ್ನು ಹಿಡಿಯುತ್ತದೆ, ಮರುಕಳಿಸದವರಲ್ಲಿ ಶೇ. 80 ಜನರನ್ನು ಬಿಡುತ್ತದೆ. 24 ಜನ ಸಿಕ್ಕರು, 6 ಜನ ತಪ್ಪಿಹೋದರು. ಉಳಿದ 170ರಲ್ಲಿ 136 ಜನರಿಗೆ ಸರಿಯಾಗಿ "ಕಡಿಮೆ ಅಪಾಯ" ಅಂದಿತು, 34 ಜನರನ್ನು ಸುಮ್ನೆ ಹೆದರಿಸಿತು. "ಹೆಚ್ಚು ಅಪಾಯ" ಅನ್ನಿಸಿಕೊಂಡ 58 ಜನರಲ್ಲಿ ನಿಜವಾಗಿ ಮರುಕಳಿಸಿದ್ದು 24, ಅರ್ಧಕ್ಕಿಂತ ಕಡಿಮೆ. "ಕಡಿಮೆ" ಅನ್ನಿಸಿಕೊಂಡ 142ರಲ್ಲಿ 136 ಜನ ಚೆನ್ನಾಗಿದ್ದಾರೆ, ಹತ್ತಿರ ಹತ್ತಿರ ಶೇ. 96. ಪೆಟ್-ಸಿಟಿಯ ಸ್ವಭಾವವೂ ಹೀಗೇ ಇದೆ. ಇಲ್ಲ ಅಂದಾಗ ಬಹಳ ಮಟ್ಟಿಗೆ ನಂಬಬಹುದು, ಇದೆ ಅಂದಾಗ ಇನ್ನೊಂದು ಪುರಾವೆ ಕೇಳಬೇಕು.

ಆ 34 ಜನರ ಪಾಲಿಗೆ ಇದು ಸಣ್ಣ ಮಾತಲ್ಲ. ರೇಡಿಯೇಷನ್ ತಿಂದ ಧ್ವನಿಪೆಟ್ಟಿಗೆಗೆ ರಕ್ತ ಸರಬರಾಜು ಕಡಿಮೆ, ಅಲ್ಲಿಂದ ಬಯಾಪ್ಸಿ ತೆಗೆದರೆ ಗಾಯ ಮಾಯದೆ ಮೃದ್ವಸ್ಥಿ ಕೊಳೆಯುವ ಅಪಾಯ ಇದೆ. ಮಿತಿಯನ್ನು ಎಲ್ಲಿ ಹಾಕಬೇಕು ಅಂತ ನೀವೊಬ್ಬರೇ ತೀರ್ಮಾನಿಸಬೇಡಿ, ಬಯಾಪ್ಸಿ ತೆಗೆಯುವ ಇಎನ್‌ಟಿ ಸರ್ಜನ್ ಜೊತೆ ಕೂತು ಹಾಕಿ. ಎಚ್‌ಪಿವಿ ಇರುವವರು ಮತ್ತು ಇಲ್ಲದವರಿಗೆ ಅಂಕಗಳನ್ನು ಬೇರೆ ಬೇರೆಯಾಗಿಯೂ ತೆಗೆಯಿರಿ. ಎಚ್‌ಪಿವಿ ಗುಂಪಿನಲ್ಲಿ ಗಂಟುಗಳು ನಿಧಾನಕ್ಕೆ ಕರಗುತ್ತವೆ, 12 ವಾರಕ್ಕೆ ಸ್ವಲ್ಪ ಹೊಳಪು ಉಳಿದಿದ್ದರೂ ಇನ್ನೊಂದೆರಡು ತಿಂಗಳಲ್ಲಿ ತಾನಾಗಿಯೇ ಹೋಗಬಹುದು.

ಹಂತ 10: ಎಲ್ಲಿ ಮರುಕಳಿಸಿತು ಅಂತ ಡೋಸ್ ನಕ್ಷೆಯ ಮೇಲೆ ಇಡಿ

ಮರುಕಳಿಸಿದ ದಿನದ ಸ್ಕ್ಯಾನನ್ನು ಪ್ಲಾನಿಂಗ್ ಸಿಟಿ ಮೇಲೆ ಹೊಂದಿಸಿ. ಹೊಸ ಗೆಡ್ಡೆಯ ಶೇ. 95ಕ್ಕಿಂತ ಜಾಸ್ತಿ ಭಾಗ ಶೇ. 95 ಡೋಸ್ ಗೆರೆಯ ಒಳಗಿದ್ದರೆ ಅದು ಒಳಗಿನ ಮರುಕಳಿಕೆ, ಪೂರ್ತಿ ಡೋಸ್ ತಿಂದೂ ಬದುಕಿದೆ. ಶೇ. 20ರಿಂದ 95 ಇದ್ದರೆ ಅಂಚಿನದ್ದು, ಅದಕ್ಕಿಂತ ಕಡಿಮೆ ಇದ್ದರೆ ಹೊರಗಿನದ್ದು. ಇದನ್ನು ಬೇರೆ ಮಾಡದೆ ಮಾಡೆಲ್‌ಗೆ ಕೊಟ್ಟರೆ ಅದಕ್ಕೆ ಗೊಂದಲ: ಒಳಗಿನದು ಗೆಡ್ಡೆಯ ಗಟ್ಟಿತನದ ಕಥೆ, ಅಂಚಿನದು ಗಡಿ ಎಳೆಯುವಾಗ ಅಥವಾ ರೋಗಿಯನ್ನು ಮಲಗಿಸುವಾಗ ಆದ ವ್ಯತ್ಯಾಸದ ಕಥೆ. ಟೆಕ್ಸ್‌ಚರ್ ಏನಾದರೂ ಹೇಳುವುದಿದ್ದರೆ ಮೊದಲನೆಯದರ ಬಗ್ಗೆ.

ಹಂತ 11: ಕ್ಲಿನಿಕ್ ಒಳಗೆ

ಬರೆದು ಪ್ರಕಟಿಸುವಾಗ ಇಂಥ ಮಾಡೆಲ್‌ಗಳ ವರದಿಯಲ್ಲಿ ಏನೇನಿರಬೇಕು ಅಂತ ಹೇಳುವ 2024ರ ಟ್ರೈಪಾಡ್ ಪ್ಲಸ್ ಎಐ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ, ಕೋಡ್ ಮತ್ತು ಸೆಟ್ಟಿಂಗ್ ಹಂಚಿ.

ಆಮೇಲೆ ಕೆಲವು ತಿಂಗಳು ಮಾಡೆಲ್‌ನ್ನು ಮೌನವಾಗಿ ಓಡಿಸಿ. ಹೊಸ ರೋಗಿ ಬಂದಾಗ ಅಂಕ ಲೆಕ್ಕ ಹಾಕಿ, ದಿನಾಂಕ ಮತ್ತು ಮಾಡೆಲ್ ಆವೃತ್ತಿಯ ಜೊತೆ ಬೀಗ ಹಾಕಿಡಿ, ಡಾಕ್ಟರಿಗೆ ತೋರಿಸಬೇಡಿ. ಅವರು ಎಂದಿನಂತೆ ನೈ-ರಾಡ್ಸ್ ಅಥವಾ ಹಾಪ್‌ಕಿನ್ಸ್ ಅಂಕ ಕೊಡಲಿ. 2 ವರ್ಷ ಕಾಯುವುದು ಕಷ್ಟ, ಆದರೂ ಕಾಯಬೇಕು. ಈ ನಡುವೆ ಸ್ಕ್ಯಾನರ್ ಬದಲಾದರೆ, ಸಾಫ್ಟ್‌ವೇರ್ ಹೊಸದಾದರೆ ಆ ದಿನವನ್ನು ಬರೆದಿಡಿ, ಲಿವರ್ ಪರೀಕ್ಷೆಯನ್ನು ಮತ್ತೆ ಮಾಡಿ. ಕೊನೆಯಲ್ಲಿ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ತೆರೆದು, ಡಾಕ್ಟರ್ "ಇಲ್ಲ" ಅಂದು ಮಾಡೆಲ್ "ಹುಷಾರು" ಅಂದವರ ಹೆಸರುಗಳನ್ನು ಮೊದಲು ಹುಡುಕಿ. ಅವರಲ್ಲಿ ಎಷ್ಟು ಜನರಿಗೆ ಮರುಕಳಿಸಿತು ಅಂತ ಎಣಿಸಿ. ನಿಮ್ಮ ಮಾಡೆಲ್ ಹೊಸದಾಗಿ ಹೇಳಿದ್ದು ಏನಾದರೂ ಇದ್ದರೆ ಆ ಎಣಿಕೆಯಲ್ಲೇ ಇದೆ.

ಮುಂದೆ ಅಂಕ ತೋರಿಸಲು ಶುರು ಮಾಡಿದಾಗಲೂ, ಹೆಚ್ಚು ಅಪಾಯ ಅಂದರೆ ಮುಂದಿನ ಸ್ಕ್ಯಾನ್ ಬೇಗ, ನಳಿಕೆ ಹಾಕಿ ನೋಡುವುದು ಬೇಗ, ಅಷ್ಟೇ. ಬರೀ ಅಂಕ ನೋಡಿ ಚಿಕಿತ್ಸೆ ಶುರು ಮಾಡುವಂತಿಲ್ಲ. ಕಡಿಮೆ ಅಪಾಯ ಅಂತ ಬಂದವರಿಗೂ ಮಾಮೂಲಿ ತಪಾಸಣೆಯ ದಿನಗಳು ಹಾಗೇ ಇರಲಿ. ಹೊಸ ಗಂಟು, ಕಿವಿ ನೋವು, ದನಿ ಬದಲಾಗುವುದು, ನುಂಗಲು ಮತ್ತೆ ಕಷ್ಟವಾಗುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ದಿನಾಂಕಕ್ಕೆ ಕಾಯದೆ ಬರಬೇಕು ಅಂತ ಅವರ ಚೀಟಿಯ ಮೇಲೆ, ಅಂಕದ ಪಕ್ಕದಲ್ಲೇ, ಅಂಕಕ್ಕಿಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ.